ಹೊಸ ತೆರಿಗೆ ಪದ್ಧತಿಯಲ್ಲೂ ದಾನಕ್ಕೆ ವಿನಾಯಿತಿ ಬೇಕು

ಬಡವರ ನೆರವೆಲ್ಲ ಸರ್ಕಾರದ್ದೇ ಹೊಣೆ ಎಂಬ ಭಾವನೆ ಬಲಿಯುತ್ತಿರುವಾಗ, ಹೊಸ ಆದಾಯ ತೆರಿಗೆ ಪದ್ಧತಿಯಲ್ಲಿ ದಾನಿಗಳಿಗೆ ದಾನದ ಮೇಲಿನ ತೆರಿಗೆ ವಿನಾಯಿತಿ (1961ರ ಆದಾಯ ತೆರಿಗೆ ಕಾಯ್ದೆಯಲ್ಲಿ ಸೆಕ್ಷನ್ 80ಜಿ) ಇಲ್ಲದಿರುವುದು ಸರಿಯಲ್ಲ. 2023–24ನೇ ಹಣಕಾಸು ವರ್ಷದಿಂದ, ಬೇರೆ ಆಯ್ಕೆ ಮಾಡಿಕೊಳ್ಳದವರಿಗೆಲ್ಲ ಈ ಪದ್ಧತಿಯೇ ಅನ್ವಯಿಸುತ್ತಿದೆ. ಸಂಬಳದಲ್ಲಿ ಒಂದಿಷ್ಟು ಎತ್ತಿಟ್ಟು ಕೊಡುವವರಿಗೆ ಇದರಿಂದ ನಷ್ಟ.

ಸರ್ಕಾರಿ ಹಾಸ್ಟೆಲ್‌ಗಳು ಬರುವ ಮೊದಲೇ ನಮ್ಮಲ್ಲಿ ವಾರಾನ್ನದ ಮನೆಗಳಿದ್ದವು, ಉಚಿತ ವಿದ್ಯಾರ್ಥಿ ನಿಲಯಗಳಿದ್ದವು. ಅವುಗಳಲ್ಲಿ ಹಲವಕ್ಕೆ ಜಾತಿಯ ಗೋಡೆಯಿತ್ತು, ಒಪ್ಪುತ್ತೇನೆ. ಆದರೆ ತುಮಕೂರಿನ ಸಿದ್ಧಗಂಗಾ ಮಠ ಜಾತಿ, ಮತ ಕೇಳದೆ ಇಂದಿಗೂ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ನೀಡುತ್ತಿದೆ. ನಮ್ಮೂರಿನ ಪುಟ್ಟ ವಿದ್ಯಾರ್ಥಿ ನಿಲಯದ ಉಗ್ರಾಣದಲ್ಲಿ ಒಂದು ಕರಿಹಲಗೆಯಿದೆ. ‘ರಾಗಿ 2 ಮೂಟೆ, ತೆಂಗಿನಕಾಯಿ 100’ ಎಂದು ಸೀಮೆಸುಣ್ಣದಲ್ಲಿ ಬರೆದಿರುತ್ತಾರೆ, ಕೊಟ್ಟವರ ಹೆಸರಿರುವುದಿಲ್ಲ. ಯಾವ ಹುಡುಗನಿಗೆ ಜ್ವರ, ಯಾರ ಮನೆಯಲ್ಲಿ ಕಷ್ಟ ಎಂಬುದು ಅಲ್ಲಿನ ಮೇಲ್ವಿಚಾರಕರಿಗೆ ಬಾಯಿಪಾಠ. ಇಷ್ಟು ಹತ್ತಿರದ ಕಾಳಜಿ ಅರ್ಜಿ, ಆಧಾರ್ ಜೋಡಣೆ, ಖಾತೆಗೆ ಜಮೆ ಎಂಬ ವ್ಯವಸ್ಥೆಯಿಂದ ಸಾಧ್ಯವಿಲ್ಲ.

ರಸ್ತೆ, ನೀರು, ಕಾನೂನು ಸುವ್ಯವಸ್ಥೆಯನ್ನು ಸರ್ಕಾರ ಚೆನ್ನಾಗಿ ನೋಡಿಕೊಳ್ಳಲಿ. ನೆರವಿನ ಕೆಲಸದಲ್ಲಿ ಜನರಿಗೆ ಜಾಗ ಬಿಡಲಿ. ಮೊದಲ ಹೆಜ್ಜೆಯಾಗಿ, ಕೇಂದ್ರ ಹಣಕಾಸು ಸಚಿವಾಲಯವು ಮುಂದಿನ ಬಜೆಟ್‌ನಲ್ಲಿ ದಾನದ ಮೇಲಿನ ವಿನಾಯಿತಿಯನ್ನು ಹೊಸ ಪದ್ಧತಿಗೂ ವಿಸ್ತರಿಸಬೇಕು. ರಾಜ್ಯದ ಸಂಸದರು ಪಕ್ಷಭೇದ ಮರೆತು ಇದಕ್ಕಾಗಿ ಒತ್ತಾಯಿಸಬೇಕು.

– ಓದುಗ, ತಿಪಟೂರು