ಗ್ರೀಸ್ ಕಥೆ ಅಲೆಕ್ಸಾಂಡರ್ ಸತ್ತಾಗ ಮುಗಿಯಲ್ಲ

ಮಾನ್ಯ ಸಂಪಾದಕರೇ,

ಹೋದ ಭಾನುವಾರದ ಪುರವಣಿಯಲ್ಲಿ ಗ್ರೀಸ್ ಬಗ್ಗೆ ಎರಡು ಪುಟ ಬಂದಿತ್ತಲ್ಲ, ಅದನ್ನ ಓದಿ ಬರೀತಿದೀನಿ. ಥೇಲಿಸ್, ಹೆರಾಕ್ಲಿಟಸ್, ಹೆರೊಡೋಟಸ್, ಸಾಕ್ರೆಟಿಸ್, ಒಲಿಂಪಿಕ್ಸ್, ಆಮೇಲೆ ಅಲೆಕ್ಸಾಂಡರ್ ಬ್ಯಾಬಿಲೋನ್‌ನಲ್ಲಿ ತೀರ್ಕೊಂಡಿದ್ದು, ಅಲ್ಲಿಗೆ ಲೇಖನ ಮುಗೀತು. ಅಂದ್ರೆ ಕ್ರಿ.ಪೂ. 323ಕ್ಕೆ. ಕೆಳಗೆ ಸ್ಯಾಂಟೊರಿನಿಯ ಬಿಳಿ ಮನೆಗಳ ಫೋಟೋ. ನಡುವಿನ ಎರಡು ಸಾವಿರಕ್ಕೂ ಹೆಚ್ಚು ವರ್ಷದ ಬಗ್ಗೆ ಒಂದು ಸಾಲೂ ಇಲ್ಲ. ಬಿ.ಎಂ.ಶ್ರೀ. ಅವರು ಗ್ರೀಕ್ ದುರಂತ ನಾಟಕಗಳನ್ನ ಕನ್ನಡಕ್ಕೆ ತಂದ ಕಾಲದಿಂದ ನಮ್ಮವರಿಗೆ ಹಳೇ ಗ್ರೀಸ್ ಮೇಲೆ ಪ್ರೀತಿ ಇದೆ, ಅದು ಬಹಳ ಒಳ್ಳೇದು, ಆದ್ರೆ ಇವತ್ತು ಆ ಭಾಷೆ ಮಾತಾಡೋ ಜನ ಪಟ್ಟ ಪಾಡು ನಮಗೆ ಯಾರೂ ಹೇಳಲೇ ಇಲ್ಲ.

ನಿಮ್ಮ ಲೇಖನದಲ್ಲೇ ಒಂದು ಪ್ರಶ್ನೆ ಅಡಗಿದೆ ನೋಡಿ. ಥೇಲಿಸ್ ಮಿಲೆಟಸ್‌ನವನು, ಹೆರಾಕ್ಲಿಟಸ್ ಎಫೆಸಸ್‌ನವನು, ಹೆರೊಡೋಟಸ್ ಹ್ಯಾಲಿಕಾರ್ನಾಸಸ್‌ನವನು ಅಂತ ಬರ್ದಿದೀರಿ, ಸರಿ. ಈ ಮೂರೂ ಊರು ಇವತ್ತು ಇರೋದು ಟರ್ಕಿಯಲ್ಲಿ. ಹೆರೊಡೋಟಸ್ ಹುಟ್ಟಿದ ಊರೇ ಈಗಿನ ಬೋದ್ರುಮ್. ಹಾಗಾದ್ರೆ ಸುಮಾರು ಮೂರು ಸಾವಿರ ವರ್ಷ ಆ ಕರಾವಳಿಯಲ್ಲಿ ಬಾಳಿ ಬದುಕಿದ ಗ್ರೀಕರು ಎಲ್ಲಿ ಹೋದ್ರು? ಇದಕ್ಕೆ ಉತ್ತರ ಹುಡುಕೋಕೆ ಅಷ್ಟು ಹಿಂದೆ ಹೋಗಬೇಕಾಗಿಲ್ಲ, 1922-23ಕ್ಕೆ ಹೋದ್ರೆ ಸಾಕು.

ಮೊದಲನೇ ಮಹಾಯುದ್ಧ ಮುಗಿದು ಟರ್ಕರ ಆಟೊಮನ್ ಸಾಮ್ರಾಜ್ಯ ಕುಸಿದು ಬಿದ್ದಾಗ ಗ್ರೀಸ್‌ನ ಪ್ರಧಾನಿ ವೆನಿಜೆಲೋಸ್‌ಗೆ ಹಳೇ ಬೈಜಾಂಟಿಯಂ, ಅಂದ್ರೆ ಕಾನ್‌ಸ್ಟಾಂಟಿನೋಪಲ್‌ನಿಂದ (ಈಗಿನ ಇಸ್ತಾಂಬುಲ್) ಆಳ್ತಿದ್ದ ಗ್ರೀಕ್ ಕ್ರೈಸ್ತ ಸಾಮ್ರಾಜ್ಯದ ದಿನಗಳ ದೊಡ್ಡ ಗ್ರೀಸ್ ಕಟ್ಟೋ ಆಸೆ ಇತ್ತು, ಬ್ರಿಟನ್‌ನ ಬೆಂಬಲಾನೂ ಸಿಕ್ತು, 1919ರ ಮೇ ತಿಂಗಳಲ್ಲಿ ಗ್ರೀಕ್ ಸೈನ್ಯ ಸ್ಮಿರ್ನಾದಲ್ಲಿ, ಅಂದ್ರೆ ಈಗಿನ ಇಜ್ಮಿರ್‌ನಲ್ಲಿ ಬಂದಿಳೀತು. 1921ರಲ್ಲಿ ಅಂಕಾರಾ ಹತ್ತಿರದವರೆಗೂ ಹೋಯ್ತು, ಸಕಾರ್ಯಾ ನದಿ ಹತ್ರ ಟರ್ಕರ ನಾಯಕ ಮುಸ್ತಫಾ ಕೆಮಾಲ್ ಸೈನ್ಯ ತಡೀತು. ಮರು ವರ್ಷ ಗ್ರೀಕರು ಸೋತು ವಾಪಸ್ ಓಡುವಾಗ ದಾರಿಯಲ್ಲಿ ಸಿಕ್ಕ ಟರ್ಕಿಶ್ ಊರುಗಳಿಗೆ ಬೆಂಕಿ ಇಟ್ರು, ಇದನ್ನ ಮುಚ್ಚಿಡಬಾರದು. 1922ರ ಸೆಪ್ಟೆಂಬರ್ 9ಕ್ಕೆ ಟರ್ಕಿಶ್ ಸೈನ್ಯ ಸ್ಮಿರ್ನಾ ಹೊಕ್ತು, 13ಕ್ಕೆ ಬೆಂಕಿ ಶುರುವಾಯ್ತು, ಗ್ರೀಕರ ಕೇರಿ, ಆರ್ಮೇನಿಯನ್ನರ ಕೇರಿ ಎರಡೂ ಬೂದಿ. ಲಕ್ಷಗಟ್ಟಲೆ ಜನ ಬಂದರುಕಟ್ಟೆ ಮೇಲೆ, ಬೆನ್ನ ಹಿಂದೆ ಬೆಂಕಿ, ಎದುರಿಗೆ ಸಮುದ್ರ. ಬ್ರಿಟಿಷ್, ಫ್ರೆಂಚ್, ಇಟಾಲಿಯನ್, ಅಮೆರಿಕನ್ ಯುದ್ಧಹಡಗುಗಳು ಬಂದರಲ್ಲೇ ನಿಂತಿದ್ವು, ಆದ್ರೆ ನಾವು ತಟಸ್ಥರು ಅಂತ ಮೊದಮೊದಲು ತಮ್ಮ ತಮ್ಮ ದೇಶದವರನ್ನ ಮಾತ್ರ ಹತ್ತಿಸ್ಕೊಂಡ್ವು. ಆಮೇಲೆ ಜನರನ್ನ ಸಾಗಿಸೋ ವ್ಯವಸ್ಥೆ ಆದಾಗ್ಲೂ 18ರಿಂದ 45 ವಯಸ್ಸಿನ ಗಂಡಸರನ್ನ ಹಡಗು ಹತ್ತೋಕೆ ಬಿಡಲಿಲ್ಲ, ಟರ್ಕಿಶ್ ಸೈನಿಕರು ಒಳನಾಡಿಗೆ ನಡೆಸ್ಕೊಂಡು ಹೋದ್ರು, ಅವರಲ್ಲಿ ಎಷ್ಟೋ ಜನ ತಿರುಗಿ ಬರಲೇ ಇಲ್ಲ.

1923ರ ಜನವರಿ 30ರಂದು ಸ್ವಿಟ್ಜರ್ಲೆಂಡ್‌ನ ಲೊಸಾನ್‌ನಲ್ಲಿ ಎರಡೂ ದೇಶಗಳು ಜನವಿನಿಮಯದ ಒಪ್ಪಂದಕ್ಕೆ ಸಹಿ ಹಾಕಿದ್ವು. ಸುಮಾರು 12 ಲಕ್ಷ ಆರ್ಥೊಡಾಕ್ಸ್ ಕ್ರೈಸ್ತರು ಗ್ರೀಸ್‌ಗೆ, ಮೂರೂವರೆ ಲಕ್ಷದಷ್ಟು ಮುಸ್ಲಿಮರು ಟರ್ಕಿಗೆ. ಇಷ್ಟಪಟ್ಟು ಹೋಗೋ ಮಾತೇ ಇಲ್ಲ, ಕಡ್ಡಾಯ. ನನಗೆ ತಡ್ಕೊಳಕ್ಕಾಗದೇ ಇರೋದು ಏನಂದ್ರೆ ಯಾರು ಗ್ರೀಕ್ ಯಾರು ಟರ್ಕ್ ಅಂತ ತೀರ್ಮಾನ ಮಾಡಿದ್ದು ಭಾಷೆ ನೋಡಿ ಅಲ್ಲ, ಧರ್ಮ ನೋಡಿ. ಅನಟೋಲಿಯಾ, ಅಂದ್ರೆ ಟರ್ಕಿಯ ಏಷ್ಯಾ ಭಾಗದ ಒಳನಾಡಿನಲ್ಲಿ ಕರಮನ್ಲಿ ಅನ್ನೋ ಕ್ರೈಸ್ತರಿದ್ರು, ಮನೆಮಾತು ಟರ್ಕಿಶ್, ಅದನ್ನ ಬರೀತಿದ್ದಿದ್ದು ಗ್ರೀಕ್ ಲಿಪೀಲಿ, ಗ್ರೀಕ್ ಮಾತು ಎಷ್ಟೋ ಜನಕ್ಕೆ ಬರ್ತಾನೇ ಇರ್ಲಿಲ್ಲ, ಅವರನ್ನ ಗ್ರೀಸ್‌ಗೆ ಕಳಿಸಿದ್ರು. ಕ್ರೀಟ್ ದ್ವೀಪದ ಮುಸ್ಲಿಮರು ಮನೇಲಿ ಮಾತಾಡ್ತಿದ್ದಿದ್ದು ಗ್ರೀಕ್, ಅವರನ್ನ ಟರ್ಕಿಗೆ ಕಳಿಸಿದ್ರು. ಇಬ್ಬರೂ ಹೋದ ಕಡೆ ಪರಕೀಯರೇ ಆದ್ರು. ಅಥೆನ್ಸ್‌ನಲ್ಲಿ ಬಂದವರನ್ನ ಟರ್ಕರ ಬೀಜ ಅಂತ ಬೈದೋರಿದ್ರು. ಇಸ್ತಾಂಬುಲ್‌ನ ಗ್ರೀಕರಿಗೆ, ಗ್ರೀಸ್‌ನ ಈಶಾನ್ಯದ ಪಶ್ಚಿಮ ಥ್ರೇಸ್‌ನ ಮುಸ್ಲಿಮರಿಗೆ ಮಾತ್ರ ವಿನಾಯಿತಿ ಇತ್ತು, ಇಸ್ತಾಂಬುಲ್‌ನವರೂ 1955ರ ಗಲಭೆ, 1964ರ ಗಡೀಪಾರು ಆದ್ಮೇಲೆ ಕೆಲವೇ ಸಾವಿರಕ್ಕೆ ಇಳಿದ್ರು.

ಆಗ ಗ್ರೀಸ್‌ನ ಜನಸಂಖ್ಯೆ 50 ಲಕ್ಷದ ಆಸುಪಾಸು. ಅಂಥ ಬಡ ದೇಶಕ್ಕೆ 12 ಲಕ್ಷ ಜನ ಬಂದು ಬಿದ್ರೆ ಏನಾಗಬೇಕು ಯೋಚನೆ ಮಾಡಿ. ಆ ಕಾಲದ್ದೊಂದು ಫೋಟೋ ಇದೆ, ದಯವಿಟ್ಟು ಹುಡುಕಿ ನೋಡಿ. ಅಥೆನ್ಸ್‌ನ ನಾಟಕ ಥಿಯೇಟರ್ ಒಳಗೆ ಸಾಹುಕಾರರು ಕೂರೋ ಬಾಕ್ಸ್‌ಗಳು ಮಹಡಿ ಮಹಡಿಯಾಗಿ ಇವೆಯಲ್ಲ, ಒಂದೊಂದು ಬಾಕ್ಸಲ್ಲಿ ಒಂದೊಂದು ನಿರಾಶ್ರಿತ ಕುಟುಂಬ ಸಂಸಾರ ಹೂಡಿದೆ, ಕಟಾಂಜನದ ಮೇಲಿಂದ ಬಟ್ಟೆಗಳು ಇಳಿಬಿದ್ದಿವೆ. ದುರಂತ ನಾಟಕ ಹುಟ್ಟಿದ ಊರು ಅಂತ ನಾವು ಕೊಂಡಾಡೋ ಅಥೆನ್ಸ್ ಇದೇನೇ. ಹಳ್ಳಿ ಕಡೆಯವರಿಗೆ ಮ್ಯಾಸಿಡೋನಿಯಾ, ಥ್ರೇಸ್‌ನಲ್ಲಿ ಮುಸ್ಲಿಮರು ಬಿಟ್ಟುಹೋದ ಹೊಲ ಮನೆ ಸಿಕ್ತು, ಜೊತೆಗೆ ಜೌಗು ನೆಲದ ಮಲೇರಿಯಾ ಕೂಡ. ಪೇಟೆಯವರು ಅಥೆನ್ಸ್ ಸುತ್ತ ನೆಯಾ ಸ್ಮಿರ್ನಿ, ನೆಯಾ ಇಯೋನಿಯಾ (ನೆಯಾ ಅಂದ್ರೆ ಹೊಸ) ಅಂತ ಬಿಟ್ಟುಬಂದ ನೆಲದ ಹೆಸರಲ್ಲೇ ಬಡಾವಣೆ ಕಟ್ಕೊಂಡ್ರು, ಹೆಂಗಸರು ರತ್ನಗಂಬಳಿ ನೇಯ್ದು ಸಂಸಾರ ನಡೆಸಿದ್ರು. ಫುಟ್‌ಬಾಲ್ ನೋಡೋ ನಮ್ಮ ಹುಡುಗರಿಗೆ ಗೊತ್ತಿರೋ ಎಇಕೆ ಅಥೆನ್ಸ್ ಕ್ಲಬ್ ಇದೆಯಲ್ಲ, ಅದನ್ನ 1924ರಲ್ಲಿ ಕಟ್ಟಿದ್ದು ಕಾನ್‌ಸ್ಟಾಂಟಿನೋಪಲ್‌ನಿಂದ ಬಂದವರು, ಅದರ ಲಾಂಛನದ ಎರಡು ತಲೆ ಹದ್ದು ಬೈಜಾಂಟಿಯಂದು. ಸ್ಮಿರ್ನಾದವರು ತಂದ ಹಾಡು ಬಡವರ ಕೇರಿಗಳ ಹಾಡಿನ ಜೊತೆ ಬೆರೆತು ರೆಬೆಟಿಕೋ ಅನ್ನೋ ಸಂಗೀತ ಬೆಳೀತು, 1936ರಲ್ಲಿ ಬಂದ ಸರ್ವಾಧಿಕಾರಿ ಮೆಟಾಕ್ಸಾಸ್ ಅದರ ಮೇಲೆ ಸೆನ್ಸಾರ್ ಹೇರಿದ, ಅದೇ ಸಂಗೀತವನ್ನ 2017ರಲ್ಲಿ ಯುನೆಸ್ಕೋ ಪರಂಪರೆಯ ಪಟ್ಟಿಗೆ ಸೇರಿಸ್ತು.

ಇನ್ನೊಂದು ವಿಷಯ ಹೇಳ್ಲೇಬೇಕು. 1941ರಲ್ಲಿ ಜರ್ಮನ್ನರು ಗ್ರೀಸ್ ಆಕ್ರಮಿಸಿದ್ಮೇಲೆ ಇದ್ದ ಆಹಾರ ಬಾಚ್ಕೊಂಡ್ರು, ಹೊರಗಿಂದ ಬರೋದನ್ನ ಬ್ರಿಟಿಷ್ ನೌಕಾದಳ ದಿಗ್ಬಂಧನ ಹಾಕಿ ತಡೆದಿತ್ತು, ಆ ಚಳಿಗಾಲ ಅಥೆನ್ಸ್ ಬೀದೀಲಿ ಜನ ಹಸಿವಿಂದ ಸತ್ತು ಬಿದ್ರು. ಆಗ ಇಸ್ತಾಂಬುಲ್‌ನಿಂದ ಕುರ್ತುಲುಷ್ ಅನ್ನೋ ಟರ್ಕಿಶ್ ಹಡಗು ಕಾಳುಕಡಿ ತುಂಬ್ಕೊಂಡು ಅಥೆನ್ಸ್‌ನ ಬಂದರು ಪಿರೇಯಸ್‌ಗೆ ಬಂತು, ಹತ್ತೊಂಬತ್ತು ವರ್ಷದ ಹಿಂದಷ್ಟೇ ಕೊಂದು ಕಾದಾಡಿದವರ ಹಡಗು. 1942ರ ಜನವರಿಯಲ್ಲಿ ಇಂಥದ್ದೇ ಇನ್ನೊಂದು ಪ್ರಯಾಣದಲ್ಲಿ ಮರ್ಮರಾ ಸಮುದ್ರದಲ್ಲಿ ಮುಳುಗ್ತು, ಬೇರೆ ಹಡಗು ಹಾಕಿ ಕೆಲಸ ಮುಂದುವರಿಸಿದ್ರು. ಬ್ರಿಟನ್‌ನ ಆಕ್ಸ್‌ಫ್ಯಾಮ್ ಅನ್ನೋ ನೆರವಿನ ಸಂಸ್ಥೆ ಶುರುವಾಗಿದ್ದೂ ಇದೇ ಗ್ರೀಕ್ ಕ್ಷಾಮಕ್ಕೆ ನೆರವು ಕಳಿಸೋಕೆ ಅಂತ.

ಇದು ದೂರದ ಕಥೆ ಅಂತ ಪಕ್ಕಕ್ಕಿಡಬೇಡಿ. ಅಂಬೇಡ್ಕರ್ ಅವರು 1940ರಲ್ಲಿ ಪಾಕಿಸ್ತಾನದ ಪ್ರಶ್ನೆ ಬಗ್ಗೆ ಬರೆದಾಗ ಗ್ರೀಸ್, ಟರ್ಕಿ, ಬಲ್ಗೇರಿಯಾದ ಜನವಿನಿಮಯವನ್ನೇ ಉದಾಹರಣೆಯಾಗಿ ಎತ್ತಿ ತೋರಿಸಿದ್ರು. ಬಾಬಾಸಾಹೇಬರ ಮೇಲೆ ನನಗಿರೋ ಗೌರವ ಅಷ್ಟಿಷ್ಟಲ್ಲ, ಆದ್ರೂ ಆ ವಿನಿಮಯವನ್ನ ಒಂದು ಪರಿಹಾರ ಅಂತ ಒಪ್ಕೊಳ್ಳೋಕೆ ನನಗೆ ಮನಸ್ಸು ಬರಲ್ಲ. ಏಳೇ ವರ್ಷ ಕಳೆಯೋದ್ರಲ್ಲಿ, ದೇಶ ವಿಭಜನೆ ಆದಾಗ, ಪಂಜಾಬ್‌ನಲ್ಲಿ ಒಪ್ಪಂದ ಇಲ್ಲ, ವ್ಯವಸ್ಥೆ ಇಲ್ಲ, ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದು ನಡೆದುಹೋಯ್ತು. ಓದುಗರು ಎರಡನ್ನೂ ಪಕ್ಕಪಕ್ಕ ಇಟ್ಟು ಓದಬೇಕು, ಅವರವರೇ ವಿಚಾರ ಮಾಡಲಿ.

ಹಾಗಾಗಿ ನನ್ನ ವಿನಂತಿ. ಪುರವಣಿಯಲ್ಲಿ ಇದರ ಬಗ್ಗೆ ಒಂದು ಪೂರ್ತಿ ಲೇಖನ ಬರಲಿ, ಸ್ಮಿರ್ನಾಗೆ ಬೆಂಕಿ ಬಿದ್ದ ಸೆಪ್ಟೆಂಬರ್ 13ರ ಹತ್ತಿರದ ಭಾನುವಾರ ಆದ್ರೆ ಇನ್ನೂ ಒಳ್ಳೇದು. ಗ್ರೀಕರ ಮಾತು ಮಾತ್ರ ಕೇಳಿ ಬರೀಬೇಡಿ, ಕ್ರೀಟ್ ಬಿಟ್ಟು ಟರ್ಕಿ ಕರಾವಳಿಯ ಐವಾಲಿಕ್‌ಗೆ ಹೋಗಿ ನೆಲೆಸಿದ ಮುಸ್ಲಿಮರದ್ದೂ ಇರಲಿ. ಮತ್ತೆ ಹೋದ ವಾರದ ಮ್ಯಾಪ್‌ನಲ್ಲಿ ಮಿಲೆಟಸ್, ಎಫೆಸಸ್ ಎರಡನ್ನೂ ಬರೀ ಪ್ರಾಚೀನ ಗ್ರೀಸ್ ಅಂತ ತೋರಿಸಿದೀರಿ, ಮುಂದಿನ ಸಲ ಈಗಿನ ಗಡಿಯನ್ನೂ ಒಂದು ಗೆರೆ ಎಳೆದು ತೋರಿಸಿ, ಮಕ್ಕಳು ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸ್ಕೊಳೋದು ಅದನ್ನೇ.

ಇಂತಿ,
ನಿವೃತ್ತ ಇತಿಹಾಸ ಶಿಕ್ಷಕಿ, ದಾವಣಗೆರೆ