ಲಕ್ಷದ್ವೀಪವೆಂದರೆ ಬರೀ ಕಡಲತೀರವಲ್ಲ

ಮಾನ್ಯರೇ,

ಲಕ್ಷದ್ವೀಪ ಪ್ರವಾಸದ ಕುರಿತ ವರದಿಗಳಲ್ಲಿ ನೀಲಿ ನೀರು, ಬಿಳಿ ಮರಳಿನ ವರ್ಣನೆಯೇ ತುಂಬಿದ್ದು, ಅಲ್ಲಿ ಬದುಕುವ ಜನರ ಪ್ರಸ್ತಾಪವೇ ಇಲ್ಲದಿರುವುದು ಬೇಸರದ ಸಂಗತಿ. ಕರಾವಳಿಯ ನಮಗಂತೂ ಅವರು ಹೊರಗಿನವರಲ್ಲ. ಅಮಿನಿ, ಕಡಮತ್, ಕಿಲ್ತಾನ್ ಮೊದಲಾದ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಮಂಗಳೂರಿನ ಹಳೆ ಬಂದರಿನ ಧಕ್ಕೆಯಲ್ಲಿ ಮಂಜಿಗಳಿಗೆ (ಸರಕು ಸಾಗಿಸುವ ಮರದ ಹಡಗುಗಳಿಗೆ) ಈರುಳ್ಳಿ ಮೂಟೆ, ಸಿಮೆಂಟ್, ಜಲ್ಲಿ ತುಂಬುವುದನ್ನು ನಾನು ಎಷ್ಟೋ ಸಲ ನಿಂತು ನೋಡಿದ್ದೇನೆ. ಅವು ದ್ವೀಪದ ಮನೆಮನೆಗೆ ಸೇರುವ ಸರಕು.

ಹವಳದಿಂದಾದ ಈ ದ್ವೀಪಗಳ ಒಟ್ಟು ನೆಲ ಸುಮಾರು 32 ಚದರ ಕಿಲೋಮೀಟರ್ ಮಾತ್ರ. ಜನವಸತಿ ಇರುವುದು ಹತ್ತರಲ್ಲಿ. ಅಲ್ಲಿನ ಬಾವಿಯ ಸಿಹಿನೀರು ನೆಲದಡಿಯ ಉಪ್ಪುನೀರಿನ ಮೇಲೆ ತೆಳುವಾಗಿ ತೇಲುವ ಪದರ. ಮಿತಿಮೀರಿ ಎತ್ತಿದರೆ ಬಾವಿಯೇ ಉಪ್ಪಾಗುತ್ತದೆ. ಇದು ಗೊತ್ತಿದ್ದವರು ಸ್ನಾನದ ಕೋಣೆಯ ನಲ್ಲಿಯನ್ನು ಸುಮ್ಮನೆ ಬಿಟ್ಟಿರಲಾರರು. ಮಿನಿಕಾಯ್‌ನವರ ಭಾಷೆ ಉಳಿದ ದ್ವೀಪಗಳಂತೆ ಮಲಯಾಳದ ಬಗೆಯಲ್ಲ, ಮಾಲ್ಡೀವ್ಸ್ ಕಡೆಯ ಮಹಲ್. ಗಾಳ ಕಟ್ಟಿದ ಕೋಲಿನಿಂದ ಒಂದೊಂದಾಗಿ ಟ್ಯೂನಾ ಹಿಡಿದು, ಬೇಯಿಸಿ, ಹೊಗೆಯಾಡಿಸಿ, ಬಿಸಿಲಿಗೆ ಒಣಗಿಸಿ ಮಾಸ್ ಎಂಬ ಒಣಮೀನು ಮಾಡುವ ಅವರ ಕೈಚಳಕ ಯಾವ ಜಲಕ್ರೀಡೆಗೂ ಕಡಿಮೆಯಲ್ಲ.

ಲಕ್ಷದ್ವೀಪಕ್ಕೆ ಹೇಗೂ ಪ್ರವೇಶ ಪರವಾನಗಿ ಬೇಕು. ಅದರ ಜೊತೆಗೇ ನೀರು, ಹವಳ, ಅಲ್ಲಿನ ಜನರ ರೀತಿ ರಿವಾಜುಗಳ ಕುರಿತು ಕನ್ನಡವೂ ಸೇರಿದಂತೆ ಪ್ರವಾಸಿಗರ ಭಾಷೆಗಳಲ್ಲಿ ಕಿರುಪುಸ್ತಿಕೆ ಕೊಡಲಿ. ಪ್ರತಿ ತಂಡಕ್ಕೂ ದ್ವೀಪದವರನ್ನೇ ಮಾರ್ಗದರ್ಶಿಗಳಾಗಿ ನೇಮಿಸಲಿ. ಮಂಗಳೂರಿನ ಹಳೆ ಬಂದರಿನಲ್ಲಿಯೂ ಈ ನಂಟನ್ನು ತಿಳಿಸುವ ಒಂದು ಪುಟ್ಟ ಪ್ರದರ್ಶನ ಕೊಠಡಿ ತೆರೆಯಲು ರಾಜ್ಯ ಸರ್ಕಾರ ಮುಂದಾಗಬೇಕು.

– ಓದುಗ, ಮಂಗಳೂರು