ಮಗಳಿಗೊಂದು ಪತ್ರ: ನಮಗೋಸ್ಕರ ಮ್ಯೂನಿಕ್ ಬೇಡ

ಪ್ರೀತಿಯ ಪುಟ್ಟಿ,

ಜರ್ಮನಿಯಲ್ಲಿ ಕೆಲಸಕ್ಕೆ ಮ್ಯೂನಿಕ್ಕೋ ಲೈಪ್‌ಜಿಗ್ಗೋ ಅಂತ ನೀನಿನ್ನೂ ತೀರ್ಮಾನ ಮಾಡಿಲ್ಲವಂತೆ, ಅಪ್ಪ ಹೇಳಿದರು. ಬೆಂಗಳೂರಿನಿಂದ ಮ್ಯೂನಿಕ್‌ಗೆ ನೇರ ವಿಮಾನ ಇದೆ, ನಾವು ಬಂದುಹೋಗೋಕೆ ಸುಲಭ ಅಂತ ಆ ಕಡೆ ವಾಲುತ್ತಿದ್ದೀಯಂತೆ. ಅದಕ್ಕೇ ಬರೆಯುತ್ತಿದ್ದೇನೆ. ನಾವು ಯಾವಾಗಲೋ ಒಮ್ಮೆ ಬರುವವರು. ಫ್ರಾಂಕ್‌ಫರ್ಟ್‌ನಲ್ಲಿ ಇಳಿದು ಲೈಪ್‌ಜಿಗ್ ರೈಲು ಹತ್ತಿದರಾಯಿತು. ದಿನಾ ಅಲ್ಲಿ ಬದುಕಬೇಕಾದವಳು ನೀನು.

ಮೊದಲು ಬಾಡಿಗೆ ನೋಡು. ಜರ್ಮನಿಯ ದೊಡ್ಡ ಊರುಗಳಲ್ಲಿ ಬಾಡಿಗೆ ಜಾಸ್ತಿ ಇರುವುದು ಮ್ಯೂನಿಕ್‌ನಲ್ಲೇ. ಜಾಹೀರಾತಿನಲ್ಲಿ ‘ಕಾಲ್ಟ್’ ಅಂತ ಇದ್ದರೆ ಅದು ಬರೀ ಮನೆಯದು. ಹೀಟಿಂಗ್, ನೀರು, ಕಸ ಸೇರಿದ್ದು ‘ವಾರ್ಮ್’. ಕರೆಂಟು, ಇಂಟರ್ನೆಟ್ಟು ಸಾಮಾನ್ಯವಾಗಿ ಅದರ ಮೇಲೆ ಬೇರೆ. ಅಡ್ವಾನ್ಸ್ ಮಾತ್ರ ಮೂರು ತಿಂಗಳ ಕಾಲ್ಟ್ ಬಾಡಿಗೆ ಮೀರುವಂತಿಲ್ಲ, ಅದನ್ನೂ ಮೂರು ಕಂತಿನಲ್ಲಿ ಕೊಡಬಹುದು. ಕಾನೂನೇ ಹಾಗಿದೆ, ಸುಮ್ನೆ ಹೆದರಬೇಡ. ಇನ್ನೊಂದು ವಿಷಯ. ಎಷ್ಟೋ ಮನೆಗಳಲ್ಲಿ ಅಡುಗೆಮನೆಯೇ ಖಾಲಿ ಇರುತ್ತದಂತೆ. ಹಿಂದಿನವರು ಸ್ಟವ್, ಸಿಂಕು, ಕಪಾಟು ಎಲ್ಲ ಬಿಚ್ಚಿಕೊಂಡು ಹೋಗಿರುತ್ತಾರೆ, ಗೋಡೆಯಲ್ಲಿ ನೀರಿನ ಪೈಪಿನ ಬಾಯಿ ಮಾತ್ರ ಉಳಿದಿರುತ್ತದೆ. ಆ ಖರ್ಚನ್ನೂ ಸೇರಿಸಿಕೋ. ಸರ್ಕಾರಿ ಕಚೇರಿಯಲ್ಲಿ ವಿಳಾಸ ನೋಂದಣಿಗೆ ಸಹಿ ಹಾಕಿಕೊಡಲ್ಲ ಅನ್ನುವ ಮಾಲೀಕರ ಮನೆ ಎಷ್ಟು ಅಗ್ಗವಾದರೂ ಬೇಡ.

ಡಿಸೆಂಬರ್‌ನಲ್ಲಿ ಎರಡೂ ಊರಲ್ಲಿ ನಾಲ್ಕೂವರೆಗೆಲ್ಲ ಸೂರ್ಯ ಮುಳುಗಿರುತ್ತಾನೆ. ಆ ಕತ್ತಲಲ್ಲಿ ಒಂದು ಗಂಟೆ ರೈಲಿನಲ್ಲಿ ನಿಂತು ಮನೆ ಸೇರುವುದು ಬೇರೆ, ಆಫೀಸಿನಿಂದ ಕಾಲು ಗಂಟೆಯಲ್ಲಿ ಬಂದು ಅನ್ನಕ್ಕಿಡುವುದು ಬೇರೆ, ಅಲ್ವಾ? ನಿನ್ನ ಸಂಬಳಕ್ಕೆ ಆಫೀಸಿನ ಹತ್ತಿರವೇ ಮನೆ ಸಿಗುವುದು ಲೈಪ್‌ಜಿಗ್‌ನಲ್ಲಿ ಅಂತ ನನಗನ್ನಿಸುತ್ತದೆ. ಅಲ್ಲಿ ಕಲ್ಲಿದ್ದಲು ಅಗೆದ ಗುಂಡಿಗಳಿಗೆ ನೀರು ತುಂಬಿಸಿ ಕೆರೆ ಮಾಡಿದ್ದಾರೆ. ಕೊಸ್ಪುಡೆನ್ ಕೆರೆಗೆ ಊರಿನಿಂದ ಸೈಕಲ್‌ನಲ್ಲೇ ಹೋಗಿ ಈಜಬಹುದಂತೆ. ನೀರು ಕಂಡರೆ ನೀನು ಬಿಡುವವಳಲ್ಲ.

ಒಂದು ಭಯ ಇದೆ, ಮುಚ್ಚಿಡುವುದಿಲ್ಲ. ಲೈಪ್‌ಜಿಗ್ ಇರುವ ಸ್ಯಾಕ್ಸನಿ ರಾಜ್ಯದಲ್ಲಿ ವಲಸೆ ಬೇಡ ಅನ್ನುವ ಪಕ್ಷಕ್ಕೆ ತುಂಬ ಮತ ಬೀಳುತ್ತಿದೆ. ಲೈಪ್‌ಜಿಗ್ ಊರು ಹಾಗಲ್ಲ ಅಂತಾರೆ. ಆದರೂ ಅಲ್ಲಿರುವ ನಮ್ಮ ಕಡೆಯ ಹುಡುಗಿಯರನ್ನು ಹುಡುಕಿ ಕೇಳು, ರಾತ್ರಿ ಟ್ರಾಮ್‌ನಲ್ಲಿ ಒಬ್ಬರೇ ಓಡಾಡುತ್ತಾರಾ ಅಂತ. ಅವರು ಬೇಡ ಅಂದರೆ ನನ್ನ ಮಾತು ಬಿಟ್ಟುಬಿಡು, ಮ್ಯೂನಿಕ್‌ಗೇ ಹೋಗು.

ಭಾನುವಾರ ಫೋನ್ ಮಾಡುವಾಗ ಎರಡೂ ಕಡೆಯ ಕೈಗೆ ಬರುವ ಸಂಬಳ, ವಾರ್ಮ್ ಬಾಡಿಗೆ ಬರೆದಿಟ್ಟುಕೊಂಡಿರು. ಕೂತು ಲೆಕ್ಕ ಹಾಕೋಣ. ವಿಮಾನದ ವಿಷಯ ಅಪ್ಪನಿಗೆ ನಾನು ಹೇಳುತ್ತೇನೆ.

ನಿನ್ನ
ಅಮ್ಮ